ಐದು ವಾಟಿನ ಮನೆ

ಜೂನ್ 3, ಮಂಗಳವಾರ

ಚಿಂತಾಮಣಿಯಿಂದ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ ಬಂದೆವು. ದಿನ ಪೂರ್ತಿ ಅದಕ್ಕೇ ಹೋಯಿತು. ಹೆಂಡತಿ ಪಂಕಜಳ ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ ಬರೆಯುವ ಡಾಕ್ಟರು ಈ ಸಲ ಅವಳನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಅಪೇಕ್ಷಾ ಅಂತ ಹೆಸರು, ನಮ್ಮ ಮಗಳು ಮಹತಿಗಿಂತ ಚಿಕ್ಕವಳು. ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದಾಗ ಪ್ರಾರ್ಥನೆಯ ಹೊತ್ತಿಗೆ ಮೈಕ್ ಬೇಡವೆಂದು ಪಕ್ಕಕ್ಕೆ ಸರಿಸುತ್ತಿದ್ದ ನನ್ನ ಹೆಂಡತಿಯ ಬಾಯಲ್ಲಿ ಆ ಹುಡುಗಿ ‘ಆ’ ಅನ್ನಿಸಿದಳು. ಬಂದದ್ದು ಪಿಸುಮಾತು.

“ಈ ಕಾಯಿಲೆಯಲ್ಲಿ ಧ್ವನಿ ಕಮ್ಮಿ ಆಗೋದು ಸಹಜ ಸಾರ್. ಅಮ್ಮಂಗೆ ತಾನು ಜೋರಾಗೇ ಮಾತಾಡ್ತಿದೀನಿ ಅನ್ಸುತ್ತೆ. ಅಭ್ಯಾಸ ಮಾಡ್ಸಿ. ಆದ್ರೆ ಒಂದು ಹೇಳ್ತೀನಿ, ಇವ್ರು ಬೇಜಾರಾಗಿ ಮಾತೇ ನಿಲ್ಲಿಸ್ಬಿಟ್ರೆ ವಾಪಸ್ ತರೋದು ಬಹಳ ಕಷ್ಟ. ದಿನಾ ಮಾತಾಡ್ಸಿ.”

ದಿನಾ ಮಾತಾಡಿಸಿ ಅನ್ನುವುದು ಸುಲಭ. ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ಏನೋ ಅಂದಳು. ಹಾಲ್‌ನಲ್ಲಿ ಕೂತಲ್ಲಿಂದಲೇ “ಏನು?” ಅಂದೆ. ಮತ್ತೆ ಏನೋ ಅಂದಳು. “ಜೋರಾಗಿ ಹೇಳೇ” ಅಂದೆ. ಹಾಲು ಉಕ್ಕಿ ಒಲೆಗೆ ಬಿದ್ದಾಗ ಗೊತ್ತಾಯಿತು ಏನು ಹೇಳುತ್ತಿದ್ದಳೆಂದು.

ಜೂನ್ 8, ಭಾನುವಾರ

ನಡೆಯುವಾಗ ಪಂಕಜಳ ಕಾಲು ಇದ್ದಕ್ಕಿದ್ದ ಹಾಗೆ ಹಿಡಿದುಕೊಳ್ಳುತ್ತದೆ. ತಾಳ ಕೇಳಿಸುತ್ತಿದ್ದರೆ ಹೆಜ್ಜೆ ಬರುತ್ತದೆ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಅದು ನಿಜ. ಕೈವಾರದಲ್ಲಿ ಮೊಬೈಲಿಗೆ ರೆಕಾರ್ಡ್ ಮಾಡಿಕೊಂಡಿದ್ದ ಭಜನೆಯನ್ನು ಟೀವಿಗೆ ಜೋಡಿಸಿ ಹಾಕಿದರೆ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಸಲೀಸಾಗಿ ಓಡಾಡುತ್ತಾಳೆ. ಮೊನ್ನೆ ಅರ್ಧದಲ್ಲಿ ಕರೆಂಟು ಹೋಯಿತು. ಭಜನೆ ನಿಂತಿತು, ಅವಳೂ ನಿಂತಳು. ಹಾಲ್‌ನ ನಡುವೆ ಹಿಡಿಯಲು ಏನೂ ಇಲ್ಲದೆ ನಡುಗುತ್ತ ನಿಂತಿದ್ದವಳನ್ನು ನಾನು ಬಚ್ಚಲಿನಿಂದ ಬರುವ ತನಕ ಯಾರೂ ನೋಡಲಿಲ್ಲ. ಕೂಗಿದ್ದಳೇನೋ. ನನಗೆ ಕೇಳಿಸಿರಲಿಲ್ಲ.

ಆದ್ದರಿಂದ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್ಲಿಫೈಯರ್ ಕೂಡಿಸಿದೆ. ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗಲೂ ನನಗೆ ಪೆನ್ನಿಗಿಂತ ಸೋಲ್ಡರಿಂಗ್ ಕಡ್ಡಿಯೇ ಹೆಚ್ಚು ಇಷ್ಟ. ಊಟದ ಡಬ್ಬಿಯಷ್ಟು ದೊಡ್ಡದು, ಐದು ವಾಟ್ ಕೊಡುತ್ತದೆ. ಬ್ಯಾಟರಿಯಿಂದ ಅದಕ್ಕಿಂತ ಹೆಚ್ಚು ಕೇಳಬಾರದು. ಅಳಿಯ ಶ್ರೀಕರ್ ಗೃಹಪ್ರವೇಶದ ನೆನಪಿಗೆಂದು ಕೊಟ್ಟ ಜೋಡಿ ಸ್ಪೀಕರ್‌ಗಳಿಗೆ ಅದನ್ನು ಸೇರಿಸಿದೆ. ನೋಡಲು ರಾಜ ಗಾಂಭೀರ್ಯ, ಎತ್ತಲು ರುಬ್ಬುಗುಂಡು. ಭಜನೆ ಹಾಕಿದರೆ ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿರುವ ಹಾಗೆ ಕೇಳಿಸಿತು. ಪಂಕಜ ಎರಡು ಹೆಜ್ಜೆ ಇಟ್ಟು ಕುರ್ಚಿ ಹಿಡಿದುಕೊಂಡಳು.

ಜೂನ್ 12, ಗುರುವಾರ

ಮೊಬೈಲಿಗೆ ಸದ್ದು ಅಳೆಯುವ ಆಪ್ ಹಾಕಿಕೊಂಡಿದ್ದೇನೆ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಬರುತ್ತದೋ ಅದೇ ಸ್ಪೀಕರಿನ ಯೋಗ್ಯತೆ. ಶ್ರೀಕರನ ಸ್ಪೀಕರಿನ ಬೆನ್ನ ಮೇಲೆ ಎಂಬತ್ತನಾಲ್ಕು ಎಂದು ಬರೆದಿದೆ. ಮೂರು ಡೆಸಿಬಲ್ ಹೆಚ್ಚು ಬೇಕೆಂದರೆ ಎರಡರಷ್ಟು ವಾಟ್ ಕೊಡಬೇಕು, ಇನ್ನೂ ಮೂರು ಬೇಕೆಂದರೆ ಅದರ ಎರಡರಷ್ಟು. ಸೋಮಾರಿ ಎತ್ತಿನ ಹಾಗೆ, ಎಷ್ಟು ಹಾಕಿದರೂ ತಿನ್ನುತ್ತದೆ, ಅಷ್ಟಾಗಿ ಎಳೆಯುವುದಿಲ್ಲ. ನನ್ನ ಹತ್ತಿರ ಇರುವುದೇ ಐದು.

ಇದೆಲ್ಲ ಗೊತ್ತಿದ್ದೂ ವಾಲ್ಯೂಮ್ ಪೂರ್ತಿ ತಿರುಗಿಸಿಟ್ಟೆ. ಸದ್ದೇನೋ ಬಂತು, ಆದರೆ ಒಡಕು. ಸಂಜೆ ಹೊತ್ತಿಗೆ ತಾಳದ ಸದ್ದು ಮಾಯವಾಯಿತು. ಸಣ್ಣ ಆಂಪ್ಲಿಫೈಯರಿನ ಶಕ್ತಿ ಮೀರಿ ಕಿರುಚಿಸಿದರೆ ಆ ಒಡಕು ಮೊದಲು ಸುಡುವುದು ಸ್ಪೀಕರಿನಲ್ಲಿ ತಾಳದಂಥ ಚೂಪು ಸದ್ದು ಹೊರಡಿಸುವ ಸಣ್ಣ ಕೋನನ್ನು. ಎರಡು ಸ್ಪೀಕರಿನವೂ ಸುಟ್ಟಿವೆ. ಭಜನೆಯಲ್ಲಿ ಇನ್ನು ಗಂಡಸರ ಗಂಟಲು ಮಾತ್ರ ಉಳಿದಿದೆ. ಅದಕ್ಕೆ ಹೆಜ್ಜೆ ಹಾಕಲು ಬರುವುದಿಲ್ಲ.

ನನ್ನ ಮೇಲೆ ನನಗೇ ಸಿಟ್ಟು ಬಂದಿದೆ. ಪಂಕಜ ಏನೋ ಕೇಳಿದಳು. ಕೈ ಆಡಿಸಿ ಸುಮ್ಮನಾಗಿಸಿದೆ.

ಜೂನ್ 15, ಭಾನುವಾರ

ಗೌರಿಬಿದನೂರಿನಿಂದ ಮಗಳು ಅಳಿಯ ಬಂದಿದ್ದರು. ಸ್ಪೀಕರ್ ಸುಟ್ಟ ವಿಷಯ ಶ್ರೀಕರನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ, ಪಾಪ.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಸದ್ದು ಅಳೆಯುವ ಆಪ್ ತೆರೆದು ಮೊಬೈಲನ್ನು ಪಂಕಜಳ ತಟ್ಟೆಯ ಮುಂದೆ ಇಟ್ಟೆ. ಅಭ್ಯಾಸ ಮಾಡಿಸಿ ಎಂದು ಹೇಳಿದ್ದಾರಲ್ಲ. ಕಣ್ಣಿಗೆ ಅಂಕಿ ಕಂಡರೆ ಹುರುಪು ಬರುತ್ತದೆ ಎಂದುಕೊಂಡಿದ್ದೆ. ಮೂರು ದಿನದಿಂದ ಹಾಗೇ ಮಾಡುತ್ತಿದ್ದೇವೆ, ಅವಳೂ ಏನೂ ಅಂದಿರಲಿಲ್ಲ. ಮಹತಿಗೆ ಅವಳು ಏನೋ ಹೇಳಲು ಶುರು ಮಾಡಿದಳು. ನಾನು “ಐವತ್ತು... ಇನ್ನೂ ಸ್ವಲ್ಪ... ಇಳೀತು, ಏರ್ಸು” ಅನ್ನುತ್ತಿದ್ದೆ. ಕೊನೆಗೆ ತಮಾಷೆಗೆ, “ನಮ್ಮ ಫ್ಯಾನೇ ನಿನಗಿಂತ ಜೋರಾಗಿ ಮಾತಾಡುತ್ತೆ ಕಣೇ” ಅಂದೆ.

ಯಾರೂ ನಗಲಿಲ್ಲ. ಮಹತಿ, “ಅಪ್ಪ, ಅದನ್ನ ತೆಗೀರಿ” ಅಂದಳು. ಪಂಕಜ ಹೇಳುತ್ತಿದ್ದ ಮಾತನ್ನು ಪೂರ್ತಿ ಮಾಡದೆ ಮಜ್ಜಿಗೆ ಅನ್ನ ಕಲೆಸಿಕೊಂಡಳು. ಮಹತಿ ಹೋಗುವಾಗ ಬಾಗಿಲ ಹತ್ತಿರ ಕೇಳಿದೆ, ಅಮ್ಮ ಏನು ಹೇಳುತ್ತಿದ್ದಳು ಎಂದು. “ನಂಗೂ ಕೇಳಿಸ್ಲಿಲ್ಲ ಅಪ್ಪ. ನಿಮ್ಮ ಲೆಕ್ಕಾನೇ ಕೇಳಿಸ್ತಾ ಇತ್ತು” ಅಂದಳು.

ಜೂನ್ 17, ಮಂಗಳವಾರ

ಪಂಕಜ ಮಾತಾಡಲಿಲ್ಲ. ನಿನ್ನೆಯೂ ಇಲ್ಲ.

ಜೂನ್ 19, ಗುರುವಾರ

ಇವತ್ತೂ ಇಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಾಳೆ. ನನ್ನನ್ನು ಕರೆಯಬೇಕಾದರೆ ಕುರ್ಚಿಯ ಕೈ ಮೇಲೆ ಬಳೆ ತಟ್ಟುತ್ತಾಳೆ. ಬಳೆ ಚೆನ್ನಾಗಿ ಕೇಳಿಸುತ್ತದೆ.

ಜೂನ್ 24, ಮಂಗಳವಾರ

ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ನನಗೆ ಸಾಕಾಗಿದೆ. ಬೆಳಿಗ್ಗೆ ಎದ್ದು ಅವಳಿಗೆ ಮಾತ್ರೆ, ಕಾಫಿ, ಸ್ನಾನ. ಆಮೇಲೆ ಅಡುಗೆ. ಅಡುಗೆಗೆ ಬರುತ್ತಿದ್ದ ಆಂಜಿನಮ್ಮ ಮಗಳ ಬಾಣಂತನಕ್ಕೆಂದು ಅಂಬಾಜಿದುರ್ಗದ ಕಡೆ ಹೋದವಳು ಬಂದಿಲ್ಲ. ನನ್ನ ಸಾರು ನನಗೇ ಸೇರುವುದಿಲ್ಲ. ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗುವುದು, ಗುಂಡಿ ಹಾಕುವುದು, ಸೆರಗು ಸರಿ ಮಾಡುವುದು, ಯಾವುದೂ ನನಗೆ ಭಾರವಲ್ಲ. ಮಾತಿಲ್ಲದೆ ಮಾಡುವುದು ಭಾರ. ನಲವತ್ತು ವರ್ಷ ನನ್ನ ತಪ್ಪುಗಳನ್ನೆಲ್ಲ ಜೋರಾಗಿ ಹೇಳಿದವಳು ಈಗ ಗುಂಡಿ ಮೇಲೆ ಕೆಳಗೆ ಹಾಕಿದರೂ ಸುಮ್ಮನೆ ಕೂತಿರುತ್ತಾಳೆ.

ಅಪೇಕ್ಷಾಗೆ ಫೋನ್ ಮಾಡಿ ವಿಷಯ ಹೇಳಿದೆ. ಆಪ್ ವಿಷಯ ಮಾತ್ರ ಹೇಳಲು ಬಾಯಿ ಬರಲಿಲ್ಲ. “ಬಲವಂತ ಮಾಡ್ಬೇಡಿ ಸಾರ್. ಆದ್ರೆ ಬಹಳ ದಿನ ಬಿಡ್ಲೂಬೇಡಿ” ಅಂದಳು. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಅವಳ ಪುಸ್ತಕದಲ್ಲಿ ಇರಬೇಕು.

ಫೋನ್ ಇಟ್ಟ ಮೇಲೆ ಆಪ್ ತೆಗೆದುಹಾಕಿದೆ. ಪಂಕಜಳಿಗೆ ತೋರಿಸಿ ತೆಗೆಯಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಹೋಗಿ ಹೇಳಿದೆ. ತಲೆ ಆಡಿಸಿದಳು, ಅಷ್ಟೆ.

ಮಾತಿನ ದಾರಿ ಗೊತ್ತಿಲ್ಲ, ನಡಿಗೆಯಾದರೂ ನಿಲ್ಲಬಾರದು. ಶಿಡ್ಲಘಟ್ಟದಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮುನೇಶನಿಗೆ ಫೋನ್ ಮಾಡಿದೆ. ಹಳೇ ಕಾಲದ ಸ್ಪೀಕರ್ ಡಬ್ಬಗಳು ಏನಾದರೂ ಇವೆಯೇ ಎಂದೆ. ವಾಟ್ ಸಿಗುವುದೇ ಕಷ್ಟವಿದ್ದ ಕಾಲದಲ್ಲಿ ಮಾಡಿದ ಸ್ಪೀಕರುಗಳು ಕೊಟ್ಟ ಅಷ್ಟಿಷ್ಟನ್ನೂ ಪೋಲು ಮಾಡುವುದಿಲ್ಲ.

“ಈಗ ಎಲ್ರಿಗೂ ಡೀಜೆನೇ ಬೇಕು ಕೇಶವಣ್ಣ. ಆ ಹಳೇದನ್ನ ನಮ್ಮ ಷಡ್ಕ ರೇಷ್ಮೆ ರೀಲಿಂಗ್ ಶೆಡ್ಡಲ್ಲಿ ಹಾಕ್ಕೊಂಡವ್ನೆ. ಬಂದು ನೋಡು, ಸರೇನಾ?”

ಜುಲೈ 2, ಬುಧವಾರ

ಮಹತಿ ರಜೆ ಹಾಕಿ ಅಮ್ಮನ ಹತ್ತಿರ ಕೂತಳು. ನಾನು ಶಿಡ್ಲಘಟ್ಟಕ್ಕೆ ಹೋದೆ.

ರೀಲಿಂಗ್ ಶೆಡ್ಡಿನಲ್ಲಿ ರಾಟೆಗಳ ಗದ್ದಲ, ಬಿಸಿನೀರಿನ ಹಬೆ, ಗೂಡು ಬೇಯುವ ನಾತ. ಅದರ ನಡುವೆ ಒಂದು ಬದನೆಕಾಯಿ ಬಣ್ಣದ ಮರದ ಡಬ್ಬ ಗೋಡೆಗೆ ಒರಗಿ ಹಾಡುತ್ತಿತ್ತು. ಅದಕ್ಕೆ ತಂತಿ ಹೋಗಿದ್ದುದು ಅಂಗೈಯಷ್ಟು ರೇಡಿಯೋದಿಂದ. ಹಿಂದೆ ತಿರುಗಿಸಿ ನೋಡಿದೆ. ತುಕ್ಕು ಹಿಡಿದ ತಗಡಿನ ಮೇಲೆ ತೊಂಬತ್ತಾರು ಎಂದು ಅಚ್ಚು. ಶ್ರೀಕರನದಕ್ಕಿಂತ ಹನ್ನೆರಡು ಹೆಚ್ಚು. ಅಂದರೆ ನನ್ನ ಐದು ವಾಟ್ ಇದರಲ್ಲಿ ಎಂಬತ್ತು ವಾಟಿನ ಕೆಲಸ ಮಾಡುತ್ತದೆ. ಮುನೇಶನಿಗೆ ಇದನ್ನು ಬಿಡಿಸಿ ಹೇಳಿದೆ.

“ನಿನ್ನ ಲೆಕ್ಕ ನಂಗೆ ಬೇಡ ಕಣಣ್ಣ” ಅಂದ. “ಅಕ್ಕ ಹೆಂಗವ್ರೆ?”

ಮಾತು ಬಿಟ್ಟಿದ್ದಾಳೆ ಅಂದೆ. ಶೆಡ್ಡಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಎರಡು ಸಲ ಕೂಗಿ ಹೇಳಬೇಕಾಯಿತು. ಅವನು ಷಡ್ಕನಿಗೆ ತೆಲುಗಿನಲ್ಲಿ ಏನೋ ಹೇಳಿ ಡಬ್ಬವನ್ನು ಆಟೋಗೆ ಏರಿಸಿದ.

ಜುಲೈ 5, ಶನಿವಾರ

ಡಬ್ಬವನ್ನು ಎರಡು ದಿನ ಬಿಸಿಲಿಗೆ ಇಟ್ಟು ಇವತ್ತು ಒಳಗೆ ತಂದೆ. ಒಂದೇ ಇರುವುದರಿಂದ ಅವಳು ಕೂರುವ ಕುರ್ಚಿಯ ಪಕ್ಕದಲ್ಲೇ ಇಡುವುದು ಸರಿ ಎನಿಸಿತು. ಸುಮ್ಮನೆ ವಾಲ್ಯೂಮ್ ಏರಿಸುವ ಬದಲು ಮೊದಲು ಮನೆಯ ಗದ್ದಲ ಇಳಿಸಿದೆ. ರಸ್ತೆ ಕಡೆಯ ಕಿಟಕಿ ಹಾಕಿದೆ, ಟೀವಿ ಆರಿಸಿದೆ, ಫ್ಯಾನೂ ಆರಿಸಿದೆ. ನೆಲದ ಮೇಲೆ ಕೂತು ಡಬ್ಬದ ಹಿಂದೆ ತಂತಿ ಸುತ್ತುತ್ತ, “ಎಷ್ಟು ಒಣಗಿಸಿದರೂ ಗೂಡಿನ ನಾತ ಹೋಗಿಲ್ಲ. ನಿನಗೆ ಕಷ್ಟ ಆಗಬಹುದು” ಅಂದೆ.

“ನಂಗೆ ವಾಸನೆ ಬರಲ್ಲ ಅಂತ ಎರಡು ವರ್ಷದಿಂದ ಹೇಳ್ತಿದೀನಿ. ನೀವು ಕೇಳಿಸ್ಕೊಂಡ್ರಾ?”

ತಂತಿ ಕೈಯಲ್ಲೇ ಉಳಿಯಿತು. ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಹೇಳಿದ್ದಳಂತೆ, ಬಹಳ ಸಲ. ಸಾರಿಗೆ ಇಂಗು ಬಿದ್ದಿದೆಯಾ ಎಂದು ನನ್ನನ್ನು ಕೇಳುತ್ತಿದ್ದುದು, ಹಾಲು ಒಡೆದಿದೆಯೇ ನೋಡಿ ಎಂದು ಲೋಟ ಚಾಚುತ್ತಿದ್ದುದು ಅದಕ್ಕೇ. ಅವಳು ಸೋಂಬೇರಿಯಾಗಿದ್ದಾಳೆ ಎಂದುಕೊಂಡಿದ್ದೆ. “ಮಲ್ಲಿಗೆ?” ಎಂದು ಕೇಳಿದೆ. “ಅದೂ ಇಲ್ಲ. ಸುಮ್ನೆ ಮುಡ್ಕೊತೀನಿ. ನೀವು ತರ್ತೀರಲ್ಲ ಅಂತ” ಅಂದಳು.

ಭಜನೆ ಹಾಕಿದೆ. ವಾಲ್ಯೂಮ್ ಕಾಲು ಭಾಗಕ್ಕೇ ತಾಳ ಎದ್ದು ನಿಂತಿತು. ಗೋಡೆಯಿಂದ ಗೋಡೆಗೆ ನಡೆದಳು. ತಿರುಗುವಲ್ಲಿ ಒಂದು ಸಲ ಮಾತ್ರ ನನ್ನ ಭುಜ ಹಿಡಿದಳು. ಕೆಲಸ ಯಶಸ್ವಿ. ಈ ಲೆಕ್ಕ ಮೊದಲೇ ಹಾಕಿದ್ದರೆ ಅಳಿಯನ ಸ್ಪೀಕರ್ ಉಳಿಯುತ್ತಿತ್ತು.

ಜುಲೈ 21, ಸೋಮವಾರ

ಬರೆಯದೆ ಬಹಳ ದಿನವಾಯಿತು. ಬರೆಯಲು ಬಿಡುವೆಲ್ಲಿ? ಫ್ಯಾನ್ ಹಾಕಿದರೆ ಸಣ್ಣ ತಾಳದ ನಯ ಕೆಡುತ್ತದೆ ಎಂದು ಹಗಲೆಲ್ಲ ಆರಿಸಿಯೇ ಇಟ್ಟಿದ್ದೇನೆ. ಸೆಕೆಗೆ ಬೆನ್ನೆಲ್ಲ ಬೆವರುಸಾಲೆ. ತರಕಾರಿಯನ್ನೂ ಅಡುಗೆಮನೆಯಲ್ಲಿ ಹೆಚ್ಚದೆ ಅವಳ ಕುರ್ಚಿಯ ಹತ್ತಿರ ಮೊರ ಇಟ್ಟುಕೊಂಡು ಹೆಚ್ಚುತ್ತೇನೆ, ಭಜನೆ ಮುಗಿದರೆ ಮತ್ತೆ ಹಾಕಬೇಕಲ್ಲ. ಅಲ್ಲಿ ಕೂತರೆ ಬೇರೆ ಕಾಟ.

“ಹುರುಳಿಕಾಯಿ ಅಷ್ಟು ದಪ್ಪ ಹೆಚ್ತಾರೇನ್ರೀ? ದನಕ್ಕೆ ಹಾಕ್ತೀರಾ?”

“ನೀನು ಹೆಚ್ಚಿಕೊಡು ಹಾಗಾದ್ರೆ.”

“ನನ್ನ ಕೈಗೆ ಚಾಕು ಕೊಟ್ರೆ ಹುರುಳಿಕಾಯಿ ಜೊತೆ ನಿಮ್ಮ ಬೆರಳೂ ಪಲ್ಯಕ್ಕೆ.”

ಅವಳೇ ನಕ್ಕಳು. ನಗುವಾಗ ಮುಖದ ಮೇಲೆ ಹೆಚ್ಚೇನೂ ಕಾಣುವುದಿಲ್ಲ. ಕಣ್ಣಿನ ಪಕ್ಕ ಚೂರು ಅಲುಗುತ್ತದೆ, ಅಷ್ಟೆ. ಮೂಲಂಗಿ ಬೆಂಡಾಗಿದೆಯೆಂದು ಬೈದಳು, ಎದುರುಮನೆ ನರಸಿಂಹಮೂರ್ತಿ ಹೊಸ ಕಾರು ತಂದು ಗೇಟಿಗೆ ಗುದ್ದಿದ್ದನ್ನು ಹೇಳಿದಳು, ನನ್ನ ಅಂಗಿಯ ಕಾಲರ್ ಹರಿದಿದೆ ಅಂದಳು. ಬಾಯಿಗೆ ಬಿಡುವೇ ಇಲ್ಲ.

ಸಂಜೆ ಮಹತಿಯ ಫೋನು. ಸ್ಪೀಕರ್ ಆನ್ ಮಾಡಿ ಅಮ್ಮನ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಮಹತಿ, “ಅಪ್ಪ, ಅಮ್ಮ ಏನಂತಾರೆ? ಒಂದೂ ಕೇಳಿಸ್ತಿಲ್ಲ” ಅಂದಳು. “ಶ್ರಾವಣದ ಶುಕ್ರವಾರಕ್ಕೆ ಬಾ ಅಂತಿದಾಳೆ, ಬರುವಾಗ ಆ ಹಸಿರು ಸೀರೆ ತಗೊಂಡು ಬಾ ಅಂತಿದಾಳೆ” ಅಂದೆ. ಮಹತಿ, “ನಿಮಗೆ ಕೇಳಿಸ್ತಾ?” ಅಂದಳು. ಇದೆಂಥ ಪ್ರಶ್ನೆ. ಅವಳ ಫೋನು ಹಳೆಯದಾಗಿದೆ, ಬದಲಾಯಿಸು ಎಂದರೆ ಕೇಳುವುದಿಲ್ಲ.

ಆಗಸ್ಟ್ 5, ಮಂಗಳವಾರ

ಚಿಕ್ಕಬಳ್ಳಾಪುರದ ಆಸ್ಪತ್ರೆ. ಬಹಳ ದಣಿದಿದ್ದೇನೆ, ಆದರೂ ಬರೆದು ಮಲಗುತ್ತೇನೆ.

ಅಪೇಕ್ಷಾ ಮತ್ತೆ ‘ಆ’ ಅನ್ನಿಸಿದಳು, ಏನೋ ಓದಿಸಿದಳು, ತನ್ನ ಯಂತ್ರ ನೋಡಿದಳು. ಅಭ್ಯಾಸ ದಿನಾ ಆಗುತ್ತಿದೆಯೇ ಎಂದಳು. ಆಗುತ್ತಿದೆ, ಬೆಳಿಗ್ಗೆ ಸಂಜೆ ನಾನೂ ಜೊತೆಗೆ ಕೂತು ‘ಆ’ ಅನ್ನುತ್ತೇನೆ ಅಂದೆ.

“ಹೋದ ಸಲಕ್ಕಿಂತ ಕಮ್ಮಿ ಬಂದಿದೆ ಸಾರ್” ಅಂದಳು ಮೆಲ್ಲಗೆ. “ಕಾಯಿಲೆ ಸ್ವಲ್ಪ ಮುಂದಕ್ಕೆ ಹೋಗಿದೆ.”

ಸಾಧ್ಯವೇ ಇಲ್ಲ ಅಂದೆ. ನಿಮ್ಮ ಮೈಕ್ ಸರಿ ಇದೆಯೇ ನೋಡಿ ಅಂದೆ. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಾಳೆ, ಮೊದಲಿಗಿಂತ ಎಷ್ಟೋ ಚೆನ್ನಾಗಿ, ನಾನು ದಿನಾ ಕೇಳುತ್ತಿದ್ದೇನೆ ಅಂದೆ. ಅವಳು ಇನ್ನೊಂದು ಸಲ ಅಳೆದಳು. ಅದೇ ಬಂತು. ಆಮೇಲೆ ಪಂಕಜಳನ್ನು ಊಟ ಹೇಗೆ ಸೇರುತ್ತದೆ ಎಂದು ಕೇಳಿದಳು. ಪಂಕಜ ಉತ್ತರ ಹೇಳಿದಳು. ಅಪೇಕ್ಷಾ ಮುಂದಕ್ಕೆ ಬಾಗಿ, “ಏನಂದ್ರು ಸಾರ್?” ಅಂದಳು.

“ಅನ್ನಕ್ಕಿಂತ ಮುದ್ದೆ ಸಲೀಸಾಗಿ ಇಳಿಯುತ್ತೆ, ನೀರು ಮಾತ್ರ ನೆತ್ತಿಗೇರುತ್ತೆ ಅಂದಳಲ್ಲಮ್ಮ” ಅಂದೆ. ಕೆಲಸ ಗೊತ್ತಿರುವ ಹುಡುಗಿ, ಆದರೆ ಗಮನ ಕಮ್ಮಿ. ಅವಳು ನನ್ನ ಮುಖ ನೋಡಿ, ಮತ್ತೆ ತನ್ನ ಯಂತ್ರ ನೋಡಿ, ನೀರು ಕುಡಿಯುವ ರೀತಿ ಹೇಳಿಕೊಟ್ಟಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟೇ ಸಿಕ್ಕಿದ್ದು. ಕಿಟಕಿಯ ಗಾಜುಗಳ ಗಡಗಡ, ಎಂಜಿನ್ ಗದ್ದಲ, ಮುಂದೆ ಯಾರದೋ ಮೊಬೈಲಿನಲ್ಲಿ ಹಾಡು. ಚಿಕ್ಕಬಳ್ಳಾಪುರ ದಾಟಿದ ಮೇಲೆ ಪಂಕಜ ಹೇಳಿದಳು.

“ಮುಂದೊಂದಿನ ಪೂರ್ತಿ ಹೋಗ್ಬಿಡುತ್ತೆ ಅಲ್ವಾ ರೀ, ನನ್ನ ಮಾತು?”

ಕೇಳಿಸಲಿಲ್ಲ ಅನ್ನಬಹುದಿತ್ತು. ಅಂಥ ಗದ್ದಲದಲ್ಲಿ ಯಾರಾದರೂ ನಂಬುತ್ತಿದ್ದರು. ನನಗೆ ಅಷ್ಟೂ ಕೇಳಿಸಿತ್ತು, ಕೊನೆಯಲ್ಲಿ ಅವಳು ಉಗುಳು ನುಂಗಿದ್ದು ಕೂಡ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಹೋಗಬಹುದು” ಅಂದೆ.

ಕಿಟಕಿಯಾಚೆ ದ್ರಾಕ್ಷಿ ತೋಟಗಳು, ಹೂವಿನ ಶೆಡ್ಡುಗಳು ಹಿಂದೆ ಹೋದವು. ಅವಳ ಕೈ ಹಿಡಿದುಕೊಂಡೆ.

“ಹಂಗಾದ್ರೆ ಹೇಳೋದೆಲ್ಲ ಈಗ್ಲೇ ಹೇಳ್ಬಿಡ್ತೀನಿ” ಅಂದಳು. “ಮೊದಲು ನಿಮ್ಮನ್ನ ಬೈಯೋದಿದೆ. ಅದು ಮುಗೀಲಿ.”

ಬೈದಳು. ಊಟದ ಮೇಜಿನ ದಿನದಿಂದ ಹಿಡಿದು ಮದುವೆಯ ದಿನದ ತನಕ ಹಿಂದಕ್ಕೆ ಹೋಗುತ್ತ ಬೈದಳು. ಕೆಲವಕ್ಕೆ ಹೌದು ಅಂದೆ, ಒಂದೆರಡಕ್ಕೆ ವಾದ ಮಾಡಿದೆ, ಸೋತೆ. ಶಿಡ್ಲಘಟ್ಟ ಬರುವ ಹೊತ್ತಿಗೆ ಬೈಗುಳ ಮುಗಿಯಿತು. ಅಲ್ಲಿ ಜನ ಇಳಿದು ಹತ್ತಿದರು. ಬಸ್ಸು ಮತ್ತೆ ಹೊರಟ ಮೇಲೆ ಉಳಿದದ್ದನ್ನು ಹೇಳಲು ಶುರು ಮಾಡಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳು ನನಗೆ ಹೇಳಿದ್ದು.

ಚಿಂತಾಮಣಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಂದು ನನ್ನ ಭುಜ ಅಲುಗಾಡಿಸಿದ. ಬಸ್ಸು ಖಾಲಿಯಾಗಿತ್ತು, ಪಂಕಜ ಇನ್ನೂ ಹೇಳುತ್ತಲೇ ಇದ್ದಳು. “ಏನ್ ಯಜಮಾನ್ರೇ, ಆಗ್ಲಿಂದ ಇಳೀರಿ ಇಳೀರಿ ಅಂತ ಬಾಯಿ ಬಡ್ಕೊತಿದೀನಿ, ಕಿವಿ ಕೇಳಲ್ವಾ?” ಅಂದ. ಕೂಗಿದ್ದನೇನೋ. ನನಗೆ ಕೇಳಿಸಿರಲಿಲ್ಲ.